ಆರು ತಿಂಗಳ ಊರು

ಹೋದ ವಾರ ತೆಂಗಿನ ಬುಡಕ್ಕೆ ದರಕು ಹಾಕ್ತಾ ಇದ್ದೆ. ಆಚೆ ದಡದ ಗೆಳೆಯರೊಬ್ಬರು ಫೋನ್ ಮಾಡಿ, "ಬನ್ನಿ ಮಾರಾಯ್ರೆ, ನಮ್ಮ ತೋಟದಲ್ಲಿ ಒಂದು ಮನೆ ಬಂದು ನಿಂತಿದೆ" ಅಂದ್ರು. ಸಂಜೆ ಹೊಳೆ ದಾಟಿ ಹೋಗಿ ನೋಡಿದೆ. ನಿಜಕ್ಕೂ ಮನೆಯೇ. ಉದ್ದದ ವ್ಯಾನು, ಒಳಗೆ ಮಂಚ, ಗ್ಯಾಸಿನ ಒಲೆ, ಪಾತ್ರೆ ತೊಳೆಯುವ ಸಿಂಕು, ಮಾಡಿನ ಮೇಲೆ ಸೋಲಾರ್. ಬೆಂಗಳೂರಿನ ಗಂಡ ಹೆಂಡತಿ. ಇಬ್ಬರದ್ದೂ ಕಂಪ್ಯೂಟರ್ ಕೆಲಸ, ಕೂತಲ್ಲೇ ಆಗ್ತದೆ. ಮಳೆಗಾಲ ಹಿಡಿಯುವವರೆಗೆ ಹೀಗೇ ಕರಾವಳಿಯಲ್ಲಿ ಇರುವುದಂತೆ.

ಚಾ ಕುಡಿಯುವಾಗ ಆ ಹುಡುಗ ಒಂದು ಮಾತು ಹೇಳಿದ. ಅಮೆರಿಕದಲ್ಲಿ ಹೀಗೆ ಗಾಡಿಯನ್ನೇ ಮನೆ ಮಾಡಿಕೊಂಡವರು ಬಹಳ ಮಂದಿ. ಅವರಲ್ಲಿ ಕೆಲವರು, ಅದರಲ್ಲೂ ನಿವೃತ್ತಿ ಆದವರು, ಅಲ್ಲಿನ ರಾಜ್ಯ ಸರಕಾರಗಳ ಉದ್ಯಾನವನಗಳಿಗೆ ಹೋಗಿ ಒಂದು ಋತು ಪೂರ್ತಿ ಉಳೀತಾರೆ. ಬಂದವರಿಗೆ ಜಾಗ ತೋರಿಸುವುದು, ದಾರಿ ಗುಡಿಸುವುದು, ಪಾಯಿಖಾನೆ ಚೊಕ್ಕ ಇಡುವುದು, ಹೀಗೆ ವಾರಕ್ಕೆ ಇಷ್ಟು ಗಂಟೆ ಕೆಲಸ. ಬದಲಿಗೆ ಗಾಡಿ ನಿಲ್ಲಿಸಲು ಜಾಗ, ನೀರು, ಕರೆಂಟು ಪುಕ್ಕಟೆ. ಋತು ಮುಗಿದ ಮೇಲೆ ಹೊರಡಬೇಕು. ಬರುವ ತಾರೀಕು, ಹೋಗುವ ತಾರೀಕು, ಮಾಡುವ ಕೆಲಸ, ಎಲ್ಲ ಮೊದಲೇ ಕಾಗದದಲ್ಲಿ ಬರೆದಿರ್ತದೆ.

ಮನೆಗೆ ಬಂದು ಇದನ್ನೆಲ್ಲ ನಮ್ಮತ್ತೆಗೆ ಹೇಳಿದೆ. ಅತ್ತೆ ಅಂದ್ರೆ ಅಪ್ಪನ ಅಕ್ಕ, ತೊಂಬತ್ತರ ಹತ್ತಿರ ಪ್ರಾಯ. ಕಿವಿ ಮಂದ, ನೆನಪು ಮಾತ್ರ ಚುರುಕು. ಅಡಿಕೆ ಕತ್ತರಿಸ್ತಾ ಕೇಳಿದಳು. ಕೇಳಿ, "ಅದ್ರಲ್ಲಿ ಹೊಸ್ತು ಎಂತಾ ಉಂಟೋ ತಮಾ? ನಾವೂ ಹಂಗೇ ಇದ್ವಲ್ಲ. ಗಾಡಿ ಅಡಿಗೇ ಮನಿಕ್ಕಂಬುದು, ಗಾಡಿ ಪಕ್ಕಕ್ಕೇ ಒಲೆ. ಬರೆದುಕೊಂಡವ್ರು ಮಾತ್ರ ಯಾರೂ ಇಲ್ಲ" ಅಂದಳು.

ಆ ಕಡೆಯ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಈ ಸಲದ ಬರಹ ಅದರ ಬಗ್ಗೆ. ಸ್ವಲ್ಪ ಉದ್ದ ಆಗ್ತದೆ. ಪಂಪು ಶುರು ಮಾಡಿ ಕೂತು ಓದಿ.

ನಮ್ಮ ಹೊಳೆಯಿಂದಲೇ ಹೊರಡುವ. 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ, ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ತುಗೀಸ್ ರಾಯಭಾರಿಯ ಜೊತೆ ಹೊನ್ನಾವರದಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ ಹೋದ. ನಮ್ಮ ಕುರ್ವೆಯ ಮಗ್ಗುಲಲ್ಲೇ ಹಾದು ಹೋಗಿದ್ದಾನೆ ಅಂದ ಹಾಗಾಯ್ತು. ಶರಾವತಿಯಲ್ಲಿ ದೋಣಿ ಸಾಗುವುದು ಗೇರುಸೊಪ್ಪೆಯವರೆಗೆ. ಅಲ್ಲಿ ನೀರಿನ ದಾರಿ ಮುಗಿದು ಘಟ್ಟ ಶುರು. ದೋಣಿಯ ಸಾಮಾನು ಎತ್ತಿನ ಬೆನ್ನಿಗೆ ಏರುವ ಜಾಗ ಅದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ಮೆಣಸಿನ ರಾಣಿ ಅಂತ ಕರೆದರು. ಆ ಮೆಣಸು ಬಂದರಿಗೆ ಇಳಿಯುವುದಿದ್ದರೆ ಯಾರೋ ಎತ್ತು ಹೊಡೆದುಕೊಂಡು ಕಾಡಿನಲ್ಲಿ ರಾತ್ರಿ ಕಳೆಯಲೇ ಬೇಕಿತ್ತು.

ಎತ್ತು ಕಟ್ಟಿ ಗೊತ್ತಿದ್ದವರಿಗೆ ಲೆಕ್ಕ ಬೇಗ ತಿಳೀತದೆ. ಒಂದು ಎತ್ತು ಬೆನ್ನ ಮೇಲೆ ಹೊರುವುದು ಹೆಚ್ಚು ಅಂದ್ರೆ ಒಂದು ಕ್ವಿಂಟಲ್ ಆಜೂಬಾಜು. ಹೊರೆ ಹೊತ್ತ ಎತ್ತು ಬೆಳಗಿನ ತಂಪಿನಲ್ಲಿ ನಡೆದು ಬಿಸಿಲೇರುವಾಗ ನಿಲ್ಲಬೇಕು. ನಿಂತಲ್ಲಿ ನೀರು ಬೇಕು, ಹುಲ್ಲು ಬೇಕು. ದಾರಿ ಉದ್ದಕ್ಕೂ ದಿನಕ್ಕೊಂದು ತಂಗುದಾಣ ಬಿದ್ದೇ ಬೀಳ್ತದೆ. ಊರು ಇಲ್ಲದ ಕಾಡಿನಲ್ಲಿ ಇಂಥ ತಂಗುದಾಣವೇ ಊರು. ಮಳೆಗಾಲದಲ್ಲಿ ಅಲ್ಲಿ ಯಾರೂ ಇಲ್ಲ. ದೀಪಾವಳಿ ಕಳೆದ ಮೇಲೆ ಹೊಗೆ ಏಳ್ತದೆ. ಮಿರುಗನ ಮಳೆಗೆ ಮೊದಲು ಖಾಲಿ. ಆರು ತಿಂಗಳ ಊರು.

ಅಂಥ ಊರುಗಳು ಅತಿ ಹೆಚ್ಚು ಎದ್ದದ್ದು ಕುಮಟಾ ದಾರಿಯಲ್ಲಿ. ಕಾರಣ ಹತ್ತಿ.

ನಮ್ಮ ಕಡೆ ಹತ್ತಿ ಬೆಳೆಯುವುದಿಲ್ಲ. ಆದ್ರೂ ಮುಂಬಯಿ ಮತ್ತು ಇಂಗ್ಲೆಂಡಿನ ಹತ್ತಿ ಪೇಟೆಯಲ್ಲಿ ಒಂದು ತಳಿಯ ಹೆಸರೇ ಕುಮಟಾ. ಧಾರವಾಡ ಸೀಮೆಯ ಕಪ್ಪು ಮಣ್ಣಿನ ದೇಶಿ ಹತ್ತಿ ನಮ್ಮ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು, ಹತ್ತಿದ ಜಾಗದ ಹೆಸರು ಮಾಲಿಗೆ ಅಂಟಿತು. ಬೆಳೆದವರು ಬೇರೆ, ಹೆಸರು ನಮ್ಮದು.

ಈ ಹತ್ತಿಯ ಕಾಲಮಾನ ನೋಡಿ. ಬಿತ್ತುವುದು ಆಗಸ್ಟ್ ಹೊತ್ತಿಗೆ, ಬಿಡಿಸುವುದು ಫೆಬ್ರವರಿಯಿಂದ ಏಪ್ರಿಲ್. ಕುಮಟಾ ಬಂದರು ತೆರೆದ ಕಡಲು, ಮಳೆಗಾಲದಲ್ಲಿ ಹಡಗು ನಿಲ್ಲುವ ಹಾಗಿಲ್ಲ. ಜೂನ್ ಹಿಡಿದರೆ ಬಾಗಿಲು ಬಂದ್. ಬಿಡಿಸಿ, ಹಿಂಜಿ, ದಿಂಡು ಕಟ್ಟಿ, ಘಟ್ಟ ಇಳಿಸಿ, ಹಡಗಿಗೆ ಏರಿಸಲು ಇರುವುದು ಹೆಚ್ಚೆಂದರೆ ಮೂರು ತಿಂಗಳು. ತಪ್ಪಿದ ಮಾಲು ಮಳೆಗಾಲ ಪೂರ್ತಿ ಗೋದಾಮಿನಲ್ಲಿ ಬೂಸು ಹಿಡಿಯಬೇಕು. ಹುಬ್ಬಳ್ಳಿಯಿಂದ ಶಿರಸಿ ಸುಮಾರು 100 ಕಿಲೋಮೀಟರ್, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಇನ್ನು 60. ಹೇರು ತುಂಬಿದ ಗಾಡಿ ದಿನಕ್ಕೆ ಹದಿನೈದಿಪ್ಪತ್ತು ಕಿಲೋಮೀಟರ್ ಹೋದರೆ ಹೆಚ್ಚು. ಇಳಿಯಲು ಎಂಟು ಹತ್ತು ದಿನ, ಹತ್ತಲು ಮತ್ತೆ ಅಷ್ಟೇ. ಮೂರು ತಿಂಗಳಲ್ಲಿ ಒಂದು ಗಾಡಿಗೆ ನಾಲ್ಕು ಸುತ್ತು ಸಿಕ್ಕರೆ ಪುಣ್ಯ. ಈ ಮೂರು ತಿಂಗಳೂ ಗಾಡಿಯವನಿಗೆ ಗಾಡಿಯೇ ಮನೆ.

ಗಾಡಿ ಹೊಡೆದವರಲ್ಲಿ ಬಯಲುಸೀಮೆಯ ರೈತರು ಬಹಳ ಮಂದಿ. ಹೊಲದ ಕೆಲಸ ಮುಗಿದಿರ್ತದೆ, ಎತ್ತು ಸುಮ್ಮನೆ ನಿಂತು ಮೇವು ತಿನ್ತದೆ. ಬಾಡಿಗೆಗೆ ಹೂಡಿದರೆ ನಾಲ್ಕು ಕಾಸು. ವಾಪಸ್ ಹೋಗುವಾಗ ಖಾಲಿ ಗಾಡಿ ಹೊಡೆಯುವ ಮೂರ್ಖ ಯಾರೂ ಇಲ್ಲ. ಉಪ್ಪು, ತೆಂಗಿನಕಾಯಿ, ಒಣಮೀನು. ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಕಟ್ಟುವುದೂ ಇದೇ ಬೇಸಿಗೆಯಲ್ಲಿ. ಹತ್ತಿ ಇಳಿಯುವ ಹೊತ್ತು, ಉಪ್ಪು ಏರುವ ಹೊತ್ತು ಎರಡೂ ಒಂದೇ. ಯಾರೂ ಕೂತು ಯೋಜನೆ ಹಾಕಿದ್ದಲ್ಲ, ಬಿಸಿಲು ಮಳೆ ಹಾಕಿಕೊಟ್ಟ ಲೆಕ್ಕ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಅಲ್ಲಿಂದ ಇಂಗ್ಲೆಂಡಿಗೆ ಹೋಗುವ ಹತ್ತಿ ನಿಂತಿತು. ಮ್ಯಾಂಚೆಸ್ಟರಿನ ಗಿರಣಿಯವರು ನಮ್ಮ ಘಟ್ಟದ ಕಡೆ ಕಣ್ಣು ಹಾಕಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಹತ್ತಿ ಸಾಗಿಸಲು ಕಾರವಾರದಲ್ಲಿ ಒಳ್ಳೆ ಬಂದರು ಬೇಕು ಅಂತ ವ್ಯಾಪಾರಿಗಳು ಹಾಕಿದ ಒತ್ತಡ ಅದಕ್ಕೆ ಒಂದು ಕಾರಣ. ನಾವು ಇವತ್ತಿಗೂ ಕಾರವಾರ ಜಿಲ್ಲೆ ಅಂತ ಹೇಳುವ ಈ ಜಿಲ್ಲೆಯ ಭಾಗ್ಯವನ್ನು ಅಮೆರಿಕದ ಯುದ್ಧವೂ ಸ್ವಲ್ಪ ಬರೆದಿದೆ. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬೆಲೆ ಬಿತ್ತು. ಆಮೇಲೆ ರೈಲು ಬಂತು. 1888ರಲ್ಲಿ ಕ್ಯಾಸಲ್‌ರಾಕ್ ಮೇಲೆ ಮರ್ಮಗೋವಾ ಬಂದರಿಗೆ ರೈಲು ದಾರಿ ಕೂಡಿತು. ಹುಬ್ಬಳ್ಳಿಯ ಹತ್ತಿ ರೈಲು ಹತ್ತಿತು. ದೇವಿಮನೆ ದಾರಿಯ ಗಾಡಿ ಸಾಲು ಕರಗಿತು. ನಮ್ಮ ಶರಾವತಿಗೆ ಎರಡು ಕಿಲೋಮೀಟರಿಗಿಂತ ಉದ್ದದ ರೈಲು ಸೇತುವೆ ಬಂದು, ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ನಡುವೆ ನೂರಾ ಹತ್ತು ವರ್ಷ.

ಗಾಡಿಯವರು ಬೇಸಿಗೆಯ ಜನ. ಅದೇ ಕಾಡಿನಲ್ಲಿ ಮಳೆಗಾಲದ ಜನವೂ ಇದ್ದರು, ಕುಮರಿಯವರು. ಕುಮರಿ ಅಂದ್ರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಬೇಸಾಯ ಮಾಡುವ ನಾವು ತಿಳಿದುಕೊಳ್ಳಬೇಕಾದ ವಿಷಯ. ಇಳಿಜಾರಿನಲ್ಲಿ ಒಂದು ತುಂಡು ಕಾಡು ಆರಿಸಿ ಚಳಿಗಾಲದಲ್ಲಿ ಕಡಿದು ಒಣಗಲು ಬಿಡುವುದು. ಬೇಸಿಗೆ ಕೊನೆಗೆ ಬೆಂಕಿ. ಮೊದಲ ಮಳೆಗೆ ಬೂದಿಯಲ್ಲೇ ರಾಗಿ ಎರಚುವುದು. ನೇಗಿಲಿಲ್ಲ, ಗೊಬ್ಬರವಿಲ್ಲ. ಹಂದಿ, ಜಿಂಕೆ ಕಾಯಲು ಅಲ್ಲೇ ಗುಡಿಸಲು. ಕೊಯ್ಲು ಮುಗಿದರೆ ಗುಡಿಸಲು ಬಿಟ್ಟು ಹೊರಡುವುದು. ಒಂದೆರಡು ಬೆಳೆ ತೆಗೆದ ಮೇಲೆ ಆ ಜಾಗವನ್ನು ಹತ್ತಾರು ವರ್ಷ ಮುಟ್ಟುವುದಿಲ್ಲ, ಕಾಡು ಮತ್ತೆ ಏಳಬೇಕು. 1801ರಲ್ಲಿ ಭಟ್ಕಳ, ಹೊನ್ನಾವರ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕೆನರಾದ ಈ ಬೇಸಾಯದ ಬಗ್ಗೆ ಬರೆದಿದ್ದಾನೆ. ಅವನ ಪುಸ್ತಕ 1807ರಲ್ಲಿ ಅಚ್ಚಾಯ್ತು.

ಮದ್ರಾಸ್ ಪ್ರಾಂತದಲ್ಲಿ 1856ರಲ್ಲಿ ಅರಣ್ಯಕ್ಕೆ ಅಂತ ಒಬ್ಬ ದೊಡ್ಡ ಅಧಿಕಾರಿಯನ್ನು ನೇಮಿಸಿದರು. ಹ್ಯೂ ಕ್ಲೆಗಾರ್ನ್, ಸಸ್ಯಶಾಸ್ತ್ರ ಬಲ್ಲ ವೈದ್ಯ. ಕುಮರಿಯಿಂದ ಕಾಡು ಹಾಳಾಗ್ತದೆ ಅನ್ನುವುದು ಅವನ ಗಟ್ಟಿ ಅಭಿಪ್ರಾಯ. 1860ರಲ್ಲಿ ಸರಕಾರಿ ಕಾಡಿನಲ್ಲಿ ಅಪ್ಪಣೆಯಿಲ್ಲದೆ ಕುಮರಿ ಕಡಿಯುವುದು ನಿಷೇಧವಾಯ್ತು. ಅವನ ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಜನ ಹೆಚ್ಚಾಗಿ, ಬಿಡುವ ವರ್ಷ ಕಡಿಮೆಯಾದರೆ ಮಣ್ಣು ತೊಳೆದು ಹೋಗ್ತದೆ, ಅದು ನಮಗೇ ಗೊತ್ತು. ಗಾಡಿಯವರ ಒಲೆಯಿಂದ ಕಾಡಿಗೆ ಬೆಂಕಿ ಬಿದ್ದದ್ದೂ ಇರಬಹುದು. ಆದ್ರೆ ಕಾಡು ಉಳಿಸಲು ಅಂತ ಕುಮರಿ ಕತ್ತಿ ಕಸಿದ ಅದೇ ಸರಕಾರ ಹಡಗು ಕಟ್ಟಲು, ರೈಲು ಹಳಿಯ ಅಡಿಗೆ ಹಾಸಲು ಸಾಗುವಾನಿ ಕಡಿಸಿತು. ಕತ್ತಿ ಒಂದೇ, ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಹೆಸರು ಬದಲಾಯ್ತು.

ಈಗ ನನ್ನ ಮುಖ್ಯ ಮಾತಿಗೆ ಬರ್ತೇನೆ. 1878ರಲ್ಲಿ ಭಾರತೀಯ ಅರಣ್ಯ ಕಾಯ್ದೆ ಬಂತು. ಒಂದು ಕಾಡನ್ನು ಮೀಸಲು ಮಾಡುವ ವಿಧಾನ ಅದರಲ್ಲಿ ಇದೆ. ಮೊದಲು ಪ್ರಕಟಣೆ. ಆಮೇಲೆ ಒಬ್ಬ ಅಧಿಕಾರಿ ಸುತ್ತಲಿನ ಊರುಗಳಲ್ಲಿ ಸಾರಬೇಕು: ಈ ಕಾಡಿನಲ್ಲಿ ಯಾರಿಗೆ ಏನು ಹಕ್ಕಿದೆಯೋ ಬಂದು ಹೇಳಿ. ಅದಕ್ಕೆ ಕೊಡುವ ಅವಧಿ ಮೂರು ತಿಂಗಳಿಗೆ ಕಡಿಮೆ ಇರಬಾರದು. ಆ ಅವಧಿಯಲ್ಲಿ ಹೇಳದಿದ್ದ ಹಕ್ಕು, ಸರಿಯಾದ ಕಾರಣ ತೋರಿಸದಿದ್ದರೆ, ಅಳಿದು ಹೋಗ್ತದೆ. ಮೀಸಲು ಆದ ಮೇಲೆ ಅಲ್ಲಿ ದನ ಮೇಯಿಸುವುದು, ಬೆಂಕಿ ಹಚ್ಚುವುದು, ಮರ ಕಡಿಯುವುದು ಅಪರಾಧ.

ಮೂರು ತಿಂಗಳು. ಊರಲ್ಲೇ ಕೂತವನಿಗೆ ಅದು ಸಾಕು. ಪಟೇಲ ಹೇಳ್ತಾನೆ, ಶಾನುಭಾಗ ಓದ್ತಾನೆ, ಅರ್ಜಿ ಬರೆಸಬಹುದು. ಆರು ತಿಂಗಳ ಊರಿನವನಿಗೆ? ಅವನು ನವೆಂಬರಿಗೆ ಬರುವವನು. ಡಂಗುರ ಜೂನಿನಲ್ಲಿ ಹೊಡೆದರೆ ಸೆಪ್ಟೆಂಬರಿಗೆ ಅವಧಿ ಮುಗಿಯಿತು. ಅವನು ಬಂದಾಗ ಅದೇ ನೀರು, ಅದೇ ಹುಲ್ಲು, ಅದೇ ಒಲೆಕಲ್ಲು. ಆದ್ರೆ ಅವನೀಗ ಅತಿಕ್ರಮಣದವ. ಯಾರೂ ಅವನಿಗೆ ಬೈದಿಲ್ಲ, ಹೊಡೆದಿಲ್ಲ. ತಾರೀಕು ಒಂದು ದಾಟಿತು ಅಷ್ಟೆ. ಅದೇ ಕಾಲದಲ್ಲಿ, 1871ರಲ್ಲಿ, ಕೆಲವು ಜಾತಿಗಳನ್ನೇ ಹುಟ್ಟಿನಿಂದ ಅಪರಾಧಿಗಳು ಅಂತ ಪಟ್ಟಿ ಮಾಡುವ ಕಾಯ್ದೆಯೂ ಬಂದಿತ್ತು. ಆ ಪಟ್ಟಿಗೆ ಬಿದ್ದವರಲ್ಲಿ ಊರೂರು ತಿರುಗುವವರೇ ಬಹಳ. ಅದು ಹೋದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಒಂದು ಕಡೆ ಕೂರದವನ ಮೇಲೆ ಆ ಸರಕಾರಕ್ಕೆ ನಂಬಿಕೆ ಇರಲಿಲ್ಲ.

ಇನ್ನೊಂದು ಶಬ್ದದ ಸಂಗತಿ. 1927ರ ಅರಣ್ಯ ಕಾಯ್ದೆಯಲ್ಲಿ ಕುಮರಿಯಂಥ ಬೇಸಾಯವನ್ನು ಹಕ್ಕು ಅಂತ ಬರೆದಿಲ್ಲ. ಸವಲತ್ತು ಅಂತ ಬರೆದಿದೆ, ಸರಕಾರ ಮಿತಿ ಹಾಕಬಹುದಾದ, ಬೇಕಾದರೆ ರದ್ದು ಮಾಡಬಹುದಾದ ಸವಲತ್ತು. ಈ ಎರಡು ಶಬ್ದಗಳ ನಡುವಿನ ಅಂತರ ನಮ್ಮ ಜಿಲ್ಲೆಯ ರೈತನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸೊಪ್ಪಿನ ಬೆಟ್ಟ ಇರುವವರಿಗೆ ಗೊತ್ತು. ಸೊಪ್ಪು ಕೊಯ್ಯುವುದು ಸವಲತ್ತು, ಬೆಟ್ಟ ಮಾತ್ರ ನಮ್ಮದಲ್ಲ. 1921ರಲ್ಲಿ ಕಾರವಾರದಲ್ಲಿ ಅಚ್ಚಾದ ಕಾಲಿನ್ಸ್ ಸಾಹೇಬರ ವರದಿ ನಮ್ಮ ಕರಾವಳಿಯ ಅರಣ್ಯ ವ್ಯವಸ್ಥೆಯಲ್ಲಿ ಏನೇನು ಬದಲಾಯಿಸಬೇಕು ಅನ್ನುವುದರ ಬಗ್ಗೆಯೇ ಇದೆ. ಅಂದ್ರೆ ಮೊದಲು ಮಾಡಿದ ವ್ಯವಸ್ಥೆ ಜನರಿಗೆ ಹೊಂದಲಿಲ್ಲ ಅನ್ನುವುದು ಅವರಿಗೂ ಗೊತ್ತಾಗಿತ್ತು. ಊರಲ್ಲಿ ಇದ್ದವರು ಕೂಗಿದರು, ಸ್ವಲ್ಪವಾದರೂ ಸಿಕ್ಕಿತು. ಬಂದು ಹೋಗುವವರ ಪರವಾಗಿ ಕೂಗಲು ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ.

ಇನ್ನು ನಮ್ಮತ್ತೆಯ ಮಾತು.

ನಮ್ಮಜ್ಜನಿಗೆ ಕುರ್ವೆಯಲ್ಲಿ ಸ್ವಲ್ಪ ಗೇಣಿ ಗದ್ದೆ, ಒಂದು ಜೊತೆ ಎತ್ತು. ಗಾಡಿ ಆಚೆ ದಡದ ನೆಂಟರ ಮನೆಯಲ್ಲಿ ಇರ್ತಿತ್ತು. ಭತ್ತ ಕೊಯ್ದು ತುಳಸಿ ಹಬ್ಬ ಕಳೆದ ಮೇಲೆ ಎತ್ತುಗಳನ್ನು ಜಂಗಲ್ ಮೇಲೆ ನಿಲ್ಲಿಸಿ ಹೊಳೆ ದಾಟಿಸುವುದು, ಗಾಡಿ ಹೂಡಿ ಗೇರುಸೊಪ್ಪೆ ಕಡೆ ಹೊರಡುವುದು. ಅಲ್ಲಿ ಘಟ್ಟದ ಬುಡದಲ್ಲಿ ಕೂಪಿನ ಕೆಲಸ. ಮರ ಕಡಿಸುವುದು ಸರಕಾರ, ಕಡಿಯುವುದು ಗುತ್ತಿಗೆದಾರನ ಜನ, ನಾಟಾ ಎಳೆದು ಡಿಪೋಕ್ಕೆ ಹಾಕುವುದು ಗಾಡಿಯವರು. ಎರಡನೇ ಮಹಾಯುದ್ಧದ ಕಾಲ, ಸರಕಾರಕ್ಕೆ ಮರ ಎಷ್ಟಿದ್ದರೂ ಬೇಕಿತ್ತು. ಅಕ್ಕಿಗೆ ರೇಶನ್. ಅಜ್ಜಿ ಬಾಣಂತಿ, ಅಪ್ಪ ಆಗಷ್ಟೇ ಹುಟ್ಟಿದ್ದು. ಹಾಗಾಗಿ ಗಂಜಿ ಬೇಯಿಸಲು ಒಂಬತ್ತು ವರ್ಷದ ಅತ್ತೆಯನ್ನು ಅಜ್ಜ ಗಾಡಿಯಲ್ಲಿ ಕೂರಿಸಿಕೊಂಡು ಹೋದರಂತೆ. ಅದು 1945.

"ಎಷ್ಟು ಗಾಡಿ ಇದ್ದಿತ್ತು ಅತ್ತೆ?" ಅಂತ ಕೇಳಿದೆ.

"ನಂಗೆ ಎಣಿಸುಕೆ ಬತ್ತಿರ್ಲಿಲ್ಲ. ರಾತ್ರಿ ಗಾಡಿ ಎಲ್ಲಾ ಸುತ್ತ ನಿಲ್ಸಿ, ಎತ್ತು ನಡು ಕಟ್ಟುದು. ಹುಲಿ ಹೆದ್ರಿಕೆ. ದೊಡ್ಡೋರು ಪಾಳಿ ಮೇಲೆ ಬೆಂಕಿ ಕಾಯೂರು. ನಾ ಗಾಡಿ ಅಡಿಗೆ, ಗೋಣಿ ಸುತ್ಕಂಡು."

ಗಾಡಿ ಮೇಲೆ ಸೋಗೆಯ ಮಾಡು. ಅಡಿಯಲ್ಲಿ ಅಚ್ಚಿಗೆ ನೇತುಹಾಕಿದ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ. ಹಿಂದೆ ಹಗ್ಗದಲ್ಲಿ ಕಂದೀಲು. ಒಂದು ಗಂಜಿ ಮಡಕೆ, ಒಂದು ಉಪ್ಪಿನ ಮರಿಗೆ, ಒಣಮೀನಿನ ಕಟ್ಟು. ಇದು ಆ ಮನೆಯ ಸಾಮಾನು. ಬೆಂಗಳೂರಿನವರ ವ್ಯಾನಿನ ಒಳಗೆ ನೋಡಿದ್ದಕ್ಕೆ ಒಂದೊಂದಕ್ಕೂ ಇಲ್ಲಿ ಜೋಡಿ ಇದೆ.

ವಾರಕ್ಕೊಮ್ಮೆ ಗಾರ್ಡು ಬಂದು ಗಾಡಿ ಲೆಕ್ಕ ಮಾಡ್ತಿದ್ದರಂತೆ. ನಾಟಾಕ್ಕೆ ನಂಬರು ಹೊಡೀತಿದ್ದರು, ಪಾಸು ಬರೀತಿದ್ದರು. ಪ್ರತಿ ಮರಕ್ಕೂ ಕಾಗದ ಇತ್ತು. ಎಳೆದವನಿಗೆ, ಬೇಯಿಸಿದ ಹುಡುಗಿಗೆ ಇರಲಿಲ್ಲ. ಈಗ ಯಾವುದಾದರೂ ಕಡತದಲ್ಲಿ ಆ ವರ್ಷದ ಮರಗಳ ಲೆಕ್ಕ ಸಿಕ್ಕೀತು. ನಮ್ಮಜ್ಜನ ಹೆಸರು ಸಿಕ್ಕುವುದಿಲ್ಲ.

ಆಮೇಲೆ ಅತ್ತೆ ಹೇಳಿದ ಒಂದು ಮಾತಿಗೆ ನಾನು ಎದ್ದು ಕೂತೆ. ಕೂಪಿನ ಹತ್ತಿರ ನೀರಿನ ಒರತೆ ಬೇಸಿಗೆಗೆ ಬತ್ತಿದಾಗ ಅವಳು ಕೊಡ ಹಿಡಿದು ಒಂದು ಹಕ್ಕಲು ಮನೆಗೆ ಹೋಗ್ತಿದ್ದಳಂತೆ. "ಕಲ್ಲು ಕಟ್ಟಿದ ಬಾಮಿ. ಅಂಚಿಗೆ ಹಗ್ಗ ತಿಕ್ಕಿ ತಿಕ್ಕಿ ಕಲ್ಲು ಗುಣಿ ಬಿದ್ದಿತ್ತು. ಆ ಮನೆ ಅಜ್ಜಿ ನಂಗೆ ಮಜ್ಜಿಗೆ ಕೊಡ್ತಿತ್ತು, ರಾಗಿ ರೊಟ್ಟಿ ಕೊಡ್ತಿತ್ತು. ಮನೆ ಮುಂದೆ ಹಲಸಿನ ಮರ, ನಾವು ಇಬ್ಬರು ಹುಡ್ಗೀರು ಕೈ ಹಿಡ್ಕಂಡ್ರೂ ಸುತ್ತು ಸಿಕ್ತಿರ್ಲಿಲ್ಲ."

ಆ ಮನೆ ಯಾವುದು ಅಂತ ಅವಳು ಗುರುತು ಹೇಳಿದಳು. ಅದು ನಮ್ಮಕ್ಕನನ್ನು ಕೊಟ್ಟ ಮನೆ.

ಅಕ್ಕನ ಮನೆಯವರ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಆ ಹಕ್ಕಲು ದಾಖಲೆಯಲ್ಲಿ ಅರಣ್ಯ. 1978ರ ಏಪ್ರಿಲ್ 27ರ ಮೊದಲಿನ ಅತಿಕ್ರಮಣ ಸಕ್ರಮ ಮಾಡುವ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಅರ್ಜಿ ಹಾಕಿದರು. ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲಿ ಇದ್ದದ್ದಕ್ಕೆ ಸಾಕ್ಷ್ಯ ಕೊಡಬೇಕು. ಲೆಕ್ಕ ಹಾಕಿದರೆ 1930. ಅಷ್ಟು ಹಳೆಯ ಕಾಗದ ಕಾಡಂಚಿನ ಯಾವ ಬಡವನ ಮನೆಯಲ್ಲಿ ಇರ್ತದೆ? ಇದ್ದದ್ದನ್ನು ಗೆದ್ದಲು ತಿಂದಿರ್ತದೆ. ಅರ್ಜಿ ದಾಖಲೆ ಸಾಲದು ಅಂತ ವಾಪಸ್ ಬಂತು. ಭಾವ ಆ ಕವರನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿ ಇಟ್ಟಿದ್ದಾರೆ. ಆ ಮಾತು ಎತ್ತಿದರೆ ಎದ್ದು ಹೊರಗೆ ಹೋಗ್ತಾರೆ.

ನಾನು ಈ ಎರಡು ವಾರ ಆ ಕಾಯ್ದೆಯ ನಿಯಮಗಳನ್ನು ಮತ್ತೆ ಓದಿದೆ. 2008ರ ನಿಯಮಗಳಲ್ಲಿ 13ನೆಯದು ಸಾಕ್ಷ್ಯದ ಬಗ್ಗೆ. ನಮಗೆಲ್ಲ ಬೇಕಾಗುವ ಸಂಗತಿ, ಹಾಗಾಗಿ ಬಿಡಿಸಿ ಬರೀತೇನೆ. ಸರಕಾರಿ ಕಾಗದ ಒಂದೇ ಸಾಕ್ಷ್ಯ ಅಲ್ಲ. ಗೆಜೆಟಿಯರ್, ಜನಗಣತಿ, ಸರ್ವೆ ವರದಿ ಇಂಥವು ಆಗ್ತವೆ. ಮನೆ, ಗುಡಿಸಲು, ನೆಲ ಮಟ್ಟ ಮಾಡಿದ್ದು, ಏರಿ ಕಟ್ಟಿದ್ದು ಆಗ್ತವೆ. ಹಳೆತನ ತೋರಿಸುವ ಬಾವಿ, ಸ್ಮಶಾನ, ದೇವರ ಜಾಗ ಆಗ್ತವೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ, ಬರೆದುಕೊಂಡದ್ದು, ಅದೂ ಆಗ್ತದೆ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಇರಬೇಕು. ಗ್ರಾಮಸಭೆಯ ತೀರ್ಮಾನ ಒಪ್ಪದಿದ್ದರೆ ಉಪವಿಭಾಗ ಸಮಿತಿಗೆ 60 ದಿನದೊಳಗೆ ಮೇಲ್ಮನವಿ.

ಅರ್ಜಿದಾರರಲ್ಲದ ಹಿರಿಯರು. ಅದೇ ಕಾಡಂಚಿನ ಊರಿನ ಹಿರಿಯರೆಲ್ಲ ತಾವೇ ಅರ್ಜಿದಾರರು, ಇಲ್ಲದಿದ್ದರೆ ತೀರಿಹೋಗಿದ್ದಾರೆ. ಉಳಿದದ್ದು ಯಾರು? ಒಂದು ಬೇಸಿಗೆಗೆ ಬಂದು, ಅವರ ಬಾವಿಯ ನೀರು ಕುಡಿದು, ಮಳೆಗೆ ಮೊದಲು ವಾಪಸ್ ಹೋದ ಹುಡುಗಿ. ಉಳಿದವರ ಹಕ್ಕಿಗೆ ಬಂದು ಹೋದವಳು ಸಾಕ್ಷಿ. ನೂರೈವತ್ತು ವರ್ಷ ಯಾರನ್ನು ಲೆಕ್ಕಕ್ಕೇ ಹಿಡಿಯಲಿಲ್ಲವೋ ಅಂಥವರ ಬಾಯಿಯಲ್ಲಿ ಈಗ ಲೆಕ್ಕ ಇದೆ.

ಅದೇ 2006ರ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ನಮ್ಮ ಕಡೆ ಅದನ್ನು ಗಮನಿಸಿದವರು ಕಡಿಮೆ. ಮೂರನೇ ಕಲಮಿನಲ್ಲಿ ಸಮುದಾಯದ ಹಕ್ಕುಗಳ ಪಟ್ಟಿ ಇದೆ. ಮೀನು, ಮೇವಿನ ಜೊತೆಗೆ, ಅಲೆಮಾರಿ ಮತ್ತು ಪಶುಪಾಲಕ ಸಮುದಾಯಗಳು ಋತುಮಾನಕ್ಕೆ ಬಂದು ಕಾಡನ್ನು ಬಳಸುವ ಪಾರಂಪರಿಕ ರೀತಿಯೂ ಹಕ್ಕು ಅಂತ ಅಲ್ಲಿ ಬರೆದಿದೆ. ಸವಲತ್ತು ಅಂತಲ್ಲ. ಹಕ್ಕು. 1878ರಿಂದ 2006ಕ್ಕೆ 128 ವರ್ಷ. ಬಂದು ಹೋಗುವುದೂ ಒಂದು ರೀತಿಯ ಇರುವಿಕೆ ಅಂತ ಕಾಯ್ದೆ ಒಪ್ಪಲು ಅಷ್ಟು ಹೊತ್ತು ಬೇಕಾಯ್ತು. ನಮ್ಮಜ್ಜನಿಗೆ, ದೇವಿಮನೆಯ ಗಾಡಿಯವರಿಗೆ ಇದರಿಂದ ಏನೂ ಸಿಕ್ಕುವುದಿಲ್ಲ. ನನಗೂ ಏನೂ ಬೇಡ. ಆದ್ರೆ ಈಗಲೂ ಕುರಿ ಹೊಡೆದುಕೊಂಡು, ದನ ಹೊಡೆದುಕೊಂಡು ಬಂದು ಹೋಗುವವರು ಇದ್ದಾರೆ. ನಮ್ಮ ಬೇಣದ ಅಂಚಿಗೆ ಅವರು ಒಲೆ ಹೂಡಿದರೆ ನಾವೇ ಮೊದಲು ಗದರಿಸುವವರು. ನಾನೂ ಗದರಿಸಿದ್ದೇನೆ. ಅದನ್ನು ಇಲ್ಲಿ ಒಪ್ಪಿಕೊಳ್ತೇನೆ.

ಅತ್ತೆಯ ಹೇಳಿಕೆ ಮೊನ್ನೆ ಬುಧವಾರ ಬರೆದುಕೊಂಡೆ, ನಾಲ್ಕು ಪುಟ ಆಯ್ತು. ಅವಳು ನೋಡಿದ್ದು 1945, ಬೇಕಾದದ್ದು 1930. ಹದಿನೈದು ವರ್ಷದ ಕೊರತೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅವಳು ನೋಡದೇ ಇದ್ದದ್ದನ್ನು ಒಂದು ಸಾಲೂ ಸೇರಿಸಲಿಲ್ಲ. ಸೇರಿಸುವ ಅಂತ ನಾನು ಒಮ್ಮೆ ಅಂದೆ, ಅವಳು ಒಪ್ಪಲಿಲ್ಲ. "ನಾ ಕಂಡದ್ದು ಬರಿ. ಹಗ್ಗ ತಿಕ್ಕಿ ಕಲ್ಲು ಗುಣಿ ಬಿದ್ದಿತ್ತು ಅಂತ ಬರಿ. ಕಲ್ಲು ಒಂದು ವರ್ಷಕ್ಕೆ ಗುಣಿ ಬೀಳ್ತದಾ? ಓದುವವ್ರಿಗೆ ಅಷ್ಟು ಗೊತ್ತಾಗ್ತದೆ" ಅಂದಳು. ಅವಳು ಹೇಳಿದ್ದು ಸರಿ. ಒಂಬತ್ತರ ಹುಡುಗಿ ನೋಡುವಾಗಲೇ ಸವೆದಿದ್ದ ಬಾವಿಯಂಚು, ತಬ್ಬಲು ಸಿಗದ ಹಲಸು. ಕೊರತೆಯ ಹದಿನೈದು ವರ್ಷ ಅಲ್ಲೇ ಇದೆ.

ಈ ಪುಟ ಓದುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರು ಇದ್ದರೆ ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವರ ಹತ್ತಿರ ಕೂತುಕೊಳ್ಳಿ. ಅವರು ಯಾವ ಕಾಡಿಗೆ, ಯಾವ ಆಗರಕ್ಕೆ, ಘಟ್ಟದ ಮೇಲೆ ಯಾರ ತೋಟಕ್ಕೆ ಋತುವಿಗೆ ಅಂತ ಹೋಗಿ ಬಂದರು ಕೇಳಿ. ವರ್ಷ ನೆನಪಿಲ್ಲದಿದ್ದರೆ ಯಾವ ಮಗು ಹುಟ್ಟಿದ ವರ್ಷ, ಯಾವ ನೆರೆ ಬಂದ ವರ್ಷ ಕೇಳಿ. ಅಲ್ಲಿ ಯಾರ ಬಾವಿಯ ನೀರು ಕುಡಿದರು, ಯಾವ ಮರದ ನೆರಳಿಗೆ ಎತ್ತು ಕಟ್ಟಿದರು ಅಂತ ಕೇಳಿ. ತಾರೀಕು ಹಾಕಿ ಬರೆದಿಡಿ, ಸಹಿಯೋ ಹೆಬ್ಬೆಟ್ಟೋ ಹಾಕಿಸಿಡಿ. ನಿಮಗೆ ಬೇಡದಿರಬಹುದು. ಘಟ್ಟದ ಬುಡದಲ್ಲಿ ಇನ್ಯಾರದ್ದೋ ಮನೆಗೆ ಅದೊಂದೇ ಕಾಗದ ಆಗಬಹುದು.

ಬೆಂಗಳೂರಿನವರ ವ್ಯಾನು ನಿನ್ನೆ ಮುರ್ಡೇಶ್ವರದ ಕಡೆ ಹೋಯ್ತಂತೆ. ಗೆಳೆಯರ ತೋಟದಲ್ಲಿ ಚಕ್ರದ ಗುರುತು ಮಾತ್ರ ಇದೆ, ಮೊದಲ ಮಳೆಗೆ ಅದೂ ಹೋಗ್ತದೆ.

ಭಾನುವಾರ ನಾನು ಭಾವನವರ ಮನೆಗೆ ಹೋಗ್ತೇನೆ. ಅತ್ತೆಯೂ ಬರ್ತೇನೆ ಅಂತ ಹಟ ಹಿಡಿದಿದ್ದಾಳೆ. ಎಂಬತ್ತು ವರ್ಷದ ಮೇಲೆ ಆ ಬಾವಿ ನೋಡಬೇಕಂತೆ. ಬಾವಿಯಂಚಿನ ಫೋಟೋ ತೆಗೆಯಲಿಕ್ಕಿದೆ, ಹಲಸಿನ ಸುತ್ತಳತೆ ತೆಗೆಯಲಿಕ್ಕಿದೆ. ಉದ್ದದ ಟೇಪು ಯಾರ ಹತ್ತಿರವಾದರೂ ಇದ್ದರೆ ಶನಿವಾರದೊಳಗೆ ತಿಳಿಸಿ, ನಾನೇ ಬಂದು ತಗೊಂಡು ಹೋಗ್ತೇನೆ.